ಹಿತ್ತಲಿನ ಲಿಂಬೆಗಿಡ ಮೈತುಂಬಾ ಬಿಟ್ಟಿದೆ, ಹುಣಸೆಹುಳಿಯ ಮನೆಯಲ್ಲಿ ಇದನ್ನು ಎಲ್ಲೆಲ್ಲಿ ಹಾಕಲಿ?

ಹಿತ್ತಲಮನಿ (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಹಳೆ ಮನೆ, ಹಿಂದೆ ಸ್ವಲ್ಪ ಹಿತ್ತಲು ಇದೆ. ಅಲ್ಲಿ ಒಂದು ಲಿಂಬೆಗಿಡ, ಒಂದು ಕರಿಬೇವು, ಕುಂಡಗಳಲ್ಲಿ ಪುದೀನಾ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು ಇವೆ. ಕೊತ್ತಂಬರಿ ಮಾತ್ರ ಕೈಗೆ ಹತ್ತುತ್ತಿಲ್ಲ, ಗೇಣುದ್ದ ಆಗುವ ಮೊದಲೇ ಹೂ ಬಿಟ್ಟು ನಿಂತುಬಿಡುತ್ತದೆ.

ಮಳೆ ಶುರುವಾದ ಮೇಲೆ ಲಿಂಬೆ ಹೇಗೆ ಬಿಟ್ಟಿದೆ ಅಂದರೆ ಬೆಳಿಗ್ಗೆ ಎದ್ದು ನೋಡಿದರೆ ಗಿಡದ ಕೆಳಗೆಲ್ಲ ಹಳದಿ ಹಣ್ಣು. ಅಕ್ಕಪಕ್ಕದವರಿಗೆ ಕೊಟ್ಟೆವು, ಹುಲಿಗಿಗೆ ಹೋಗುವವರ ಕೈಯಲ್ಲಿ ಅಮ್ಮನ ಗುಡಿಗೆ ಕಳಿಸಿದೆವು, ಈಗ ಓಣಿಯಲ್ಲಿ ನಾನು ಚೀಲ ಹಿಡಿದು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಸಂತೆಯಲ್ಲೂ ಈಗ ಕೇಳುವವರಿಲ್ಲ. ಅದೇ ಬೇಸಿಗೆ ಬಂದರೆ ಒಂದು ಹಣ್ಣಿಗೆ 8-10 ರೂಪಾಯಿ ಹೇಳಿದರೂ ಸುಮ್ನೆ ಕೊಟ್ಟು ತರುತ್ತೇವೆ, ಆಗ ನಮ್ಮ ಗಿಡದಲ್ಲಿ ಗೋಲಿ ಗಾತ್ರದ ಕಾಯಿ ಬಿಟ್ಟರೆ ಏನೂ ಇರುವುದಿಲ್ಲ.

ನಮ್ಮ ಮನೆ ಅಡುಗೆಯೆಲ್ಲ ಹುಣಸೆಹುಳಿ. ಸಾರು, ಎಣ್ಣೆಗಾಯಿ, ಪಲ್ಯೆ, ಹಿಂಡಿ (ಚಟ್ನಿಪುಡಿ), ಎಲ್ಲದಕ್ಕೂ ಹುಣಸೆ. ಲಿಂಬೆ ಅಂದರೆ ಚಿತ್ರಾನ್ನ, ಮಂಡಕ್ಕಿ ಒಗ್ಗರಣೆ, ಶರಬತ್ತು, ಅಲ್ಲಿಗೆ ಮುಗಿಯಿತು. ಮೊನ್ನೆ ಸಾರಿಗೆ ಹುಣಸೆ ಬದಲು ಲಿಂಬೆ ಹಿಂಡಿ ಕುದಿಸಿದೆ, ಅತ್ತೆಯವರು ಒಂದು ತುತ್ತು ಉಂಡು ತಟ್ಟೆ ಸರಿಸಿದರು. ಕಹಿ ಅಂತೆ. ದಿನದ ಅಡುಗೆಯಲ್ಲಿ ಲಿಂಬೆಯನ್ನು ನಿಜವಾಗಿ ಎಲ್ಲಿ ಬಳಸುತ್ತೀರಿ, ಎಲ್ಲಿ ಬಳಸಬಾರದು? ಎಲೆಯನ್ನೂ ಅಡುಗೆಗೆ ಹಾಕಬಹುದಾ? ಬೇಸಿಗೆವರೆಗೆ ಇಡುವುದು ಹೇಗೆ? ದೊಡ್ಡಪತ್ರೆ, ಮಜ್ಜಿಗೆ ಹುಲ್ಲು ಬೆಳೆಸಿದ್ದೇನೆ ಅನ್ನುವುದಷ್ಟೇ, ಶೀತ ಬಂದಾಗ ಕಷಾಯ ಮಾಡುವುದು ಬಿಟ್ಟು ಬೇರೆ ಉಪಯೋಗ ಗೊತ್ತಿಲ್ಲ. ನಮ್ಮ ಕಡೆ ಅಡುಗೆಗೆ ಹೊಂದುವ ಹಾಗೆ ಹೇಳಿ. ಕೇಕು, ಸಲಾಡು ಅಂತ ಹೇಳಿದರೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ.


ರೊಟ್ಟಿಬುಟ್ಟಿ (ರಾಯಚೂರು):

ಅಕ್ಕಾ, ಹುಣಸೆ ಹಾಕುವ ಕಡೆಯೆಲ್ಲ ಲಿಂಬೆ ಹಾಕುತ್ತೇನೆ ಅಂತ ಹೊರಟರೆ ಅತ್ತೆಯವರು ತಟ್ಟೆ ಸರಿಸುವುದು ಸರಿಯೇ. ಎರಡರ ಕೆಲಸ ಬೇರೆ ಬೇರೆ. ಹುಣಸೆ ಕುದಿಯಬೇಕು, ಕುದ್ದಷ್ಟೂ ಹಸಿ ವಾಸನೆ ಹೋಗಿ ಸಾರಿಗೆ ಒಂದು ಗಟ್ಟಿತನ, ಬಣ್ಣ, ಸ್ವಲ್ಪ ಸಿಹಿ ಬರುತ್ತದೆ. ಲಿಂಬೆಯಲ್ಲಿ ಆ ತಿರುಳೇ ಇಲ್ಲ, ಬರೀ ನೀರು. ಕುದಿಸಿದರೆ ಹುಳಿ ಉಳಿಯುತ್ತದೆ, ಘಮ ಹೋಗುತ್ತದೆ. ಜೊತೆಗೆ ಒಂದೆರಡು ಬೀಜ, ಸಿಪ್ಪೆಯ ಚೂರು ಬಿದ್ದು ಕುದ್ದರೆ ಕಹಿ ಬಿಟ್ಟುಕೊಳ್ಳುತ್ತದೆ. ಅತ್ತೆಯವರ ಬಾಯಿಗೆ ಸಿಕ್ಕಿದ್ದು ಅದೇ.

ಹಾಗಾಗಿ ಒಲೆ ಆರಿಸಿದ ಮೇಲೆ ಹುಳಿ ಹಾಕಬಹುದಾದ ಅಡುಗೆಗಳನ್ನು ಮಾತ್ರ ಲಿಂಬೆಗೆ ಬಿಟ್ಟುಕೊಡಿ. ಅಂಥವು ನಮ್ಮಲ್ಲಿ ಬೇಕಾದಷ್ಟಿವೆ. ಹೆಸರುಬೇಳೆ ತೊವ್ವೆ, ಮಡಕಿಕಾಳಿನ ಉಸುಳಿ, ಅವಲಕ್ಕಿ, ಉಪ್ಪಿಟ್ಟು, ಸೌತೆಕಾಯಿ ಪಚಡಿ, ಕೋಸಂಬರಿ. ತಿಳಿಸಾರಿಗೂ ಆಗುತ್ತದೆ, ಆದರೆ ಅದು ಹುಣಸೆ ಸಾರಿನ ಹಾಗೆ ಇರಬೇಕು ಅಂತ ಬಯಸಬಾರದು. ಹೆಸರುಬೇಳೆ ಕಟ್ಟು ತೆಗೆದು, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಕರಿಬೇವು ಹಾಕಿ ಕುದಿಸಿ, ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಸೋಸಿದ ರಸ ಹಾಕಿ ಮುಚ್ಚಿ. ಬೆಲ್ಲ ಬೇಡ, ಸಾರಿನ ಪುಡಿಯೂ ಬೇಡ. ಇದು ಬೇರೆಯದೇ ಸಾರು ಅಂತ ಹೇಳಿ ಬಡಿಸಿದರೆ ಜಗಳವಿಲ್ಲ.

ಬೇಳೆ ಬೇಯುವ ಮೊದಲು ಹುಳಿ ಹಾಕಲೇಬೇಡಿ, ಲಿಂಬೆ ಆಗಲಿ ಹುಣಸೆ ಆಗಲಿ. ಹುಳಿ ಬಿದ್ದರೆ ಬೇಳೆ ಮೆತ್ತಗಾಗುವುದಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಮೊದಲೇ ಗಡುಸು, ಅದರಲ್ಲಿ ತೊಗರಿಬೇಳೆ ಬೇಯುವುದೇ ಒಂದು ಕಥೆ.

ಮಂಡಕ್ಕಿ ಒಗ್ಗರಣೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಬಳ್ಳಾರಿಯವರು ಒಗ್ಗರಣೆ-ಮಿರ್ಚಿ ತಿಂದೇ ಬೆಳೆದವರು. ಆದರೂ ಒಂದು ವಿಷಯ. ಬಹಳ ಜನ ಮಂಡಕ್ಕಿ ಹಾಕಿ ತಿರುವುವಾಗ ಮೇಲಿಂದ ಲಿಂಬೆ ಹಿಂಡುತ್ತಾರೆ. ಆಗ ರಸ ಬಿದ್ದ ಕಡೆ ಮಂಡಕ್ಕಿ ಮುದ್ದೆಯಾಗುತ್ತದೆ, ಉಳಿದ ಕಡೆ ಸಪ್ಪೆ. ಅದರ ಬದಲು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ ಬಾಡಿದ ಮೇಲೆ ಒಲೆ ಆರಿಸಿ, ಆ ಒಗ್ಗರಣೆಗೇ ರಸ ಮತ್ತು ಉಪ್ಪು ಬೆರೆಸಿ, ಆಮೇಲೆ ನೆನೆಸಿ ಹಿಂಡಿದ ಮಂಡಕ್ಕಿ ಹಾಕಿ. ಪುಟಾಣಿ ಪುಡಿ ಕೊನೆಗೆ. ಚಿತ್ರಾನ್ನಕ್ಕೂ ಇದೇ ಲೆಕ್ಕ. ಅನ್ನವನ್ನು ಪರಾತದಲ್ಲಿ ಹರಡಿ ಒಂದು ಚಮಚ ಎಣ್ಣೆ ಸವರಿ ಆರಲು ಬಿಡಿ, ಹೊಸ ಸೋನಾ ಮಸೂರಿ ಆದರಂತೂ ಪೂರ್ತಿ ಆರಬೇಕು, ಇಲ್ಲದಿದ್ದರೆ ಅಂಟುತ್ತದೆ. ಬಿಸಿ ಅನ್ನಕ್ಕೆ ಲಿಂಬೆ ಹಿಂಡಿ ತಿರುವಿದರೆ ಅಗಳು ಮುರಿಯುತ್ತದೆ, ಘಮವೂ ಆವಿಯ ಜೊತೆ ಹೋಗುತ್ತದೆ.

ಸೊಪ್ಪಿನ ಪಲ್ಯೆಗೆ ಬಾಣಲೆಯಲ್ಲಿ ಹಿಂಡಬೇಡಿ. ಹಸಿರು ಸೊಪ್ಪಿಗೆ ಬಿಸಿಯಲ್ಲಿ ಹುಳಿ ಬಿದ್ದರೆ ಬಣ್ಣ ಕೆಟ್ಟು ಮಂಕಾಗುತ್ತದೆ. ತಟ್ಟೆಗೆ ಬಡಿಸಿದ ಮೇಲೆ ಹೋಳು ಇಡಿ, ಬೇಕಾದವರು ಹಿಂಡಿಕೊಳ್ಳಲಿ. ಮೆಂತ್ಯೆ, ರಾಜಗಿರಿ, ಜೋಳದ ರೊಟ್ಟಿ, ಕಾಳು, ಇವುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಜೊತೆಗೆ ವಿಟಮಿನ್ ಸಿ ಇದ್ದರೆ ಒಳ್ಳೆಯದು. ರಕ್ತ ಕಡಿಮೆ ಅಂತ ಮಾತ್ರೆ ನುಂಗುವವರು ಮನೆಯಲ್ಲಿದ್ದರೆ ಊಟದ ಜೊತೆ ಲಿಂಬೆ ಹೋಳು ಮಾತ್ರ ತಪ್ಪಿಸಬೇಡಿ. ಊಟವಾದ ತಕ್ಷಣ ಚಹಾ ಕುಡಿಯುವುದನ್ನು ತಪ್ಪಿಸಿ, ಅದು ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ.

ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸೆ ಹಿಂಡಿಗೆ ಲಿಂಬೆ ಬೇಡವೇ ಬೇಡ. ಪುಡಿಗೆ ಹಸಿ ಬಿದ್ದರೆ ಕೆಡುತ್ತದೆ, ಅಲ್ಲಿ ಒಣ ಹುಣಸೆಯೇ ಸರಿ. ಆದರೆ ಹಸಿಮೆಣಸಿನಕಾಯಿ ಖಾರಕ್ಕೆ ಲಿಂಬೆಯಷ್ಟು ಹೊಂದುವುದು ಇನ್ನೊಂದಿಲ್ಲ. ಮೆಣಸಿನಕಾಯಿಯನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ, ಬಳ್ಳೊಳ್ಳಿ, ಉಪ್ಪು, ಜೀರಿಗೆ, ಒಂದು ಹಿಡಿ ಕೊತ್ತಂಬರಿ ಹಾಕಿ ಒರಳಲ್ಲಿ ಕುಟ್ಟಿ, ಕೊನೆಗೆ ಲಿಂಬೆ ಹಿಂಡಿ. ಬಿಸಿ ರೊಟ್ಟಿ, ಮೊಸರು, ಈ ಖಾರ. ನಮ್ಮ ಮನೆಯಲ್ಲಿ ಪಲ್ಯೆ ಮಾಡದ ದಿನ ಇದೇ ಊಟ.

ಅಂದಹಾಗೆ ರಸ ಹಿಂಡಿ ಇಡುವುದು, ಕಲಸುವುದು ಎಲ್ಲ ಸ್ಟೀಲು, ಗಾಜು ಅಥವಾ ಪಿಂಗಾಣಿಯಲ್ಲಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ.


ಹೊಳೆದಂಡೆ (ಸಿರುಗುಪ್ಪ):

ತಂಗೀ, ರೊಟ್ಟಿಬುಟ್ಟಿಯವರು ಹೇಳಿದ್ದು ಎಲ್ಲ ಒಪ್ಪಿದೆ, ತಿಳಿಸಾರು ಒಂದು ಬಿಟ್ಟು. ಸಾರು ಅಂದರೆ ಹುಣಸೆ. ಲಿಂಬೆ ಹಿಂಡಿದ್ದು ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವ ನೀರು. ನಮ್ಮ ಸೀಮೆಯವರಿಗೆ ಹುಳಿ ಕಡಿಮೆಯೇನಿಲ್ಲ, ಪುಂಡಿಪಲ್ಯೆ ಇದೆ, ಮಾವಿನಕಾಯಿ ಇದೆ, ಬೇಸಿಗೆ ಶುರುವಿಗೆ ಹುಣಸೆ ಚಿಗುರು ಬರುತ್ತದೆ, ಅದನ್ನು ಬೇಳೆಯಲ್ಲಿ ಹಾಕಿ ಮಾಡಿದರೆ ಲಿಂಬೆ ನೆನಪೇ ಆಗುವುದಿಲ್ಲ. ಸುಮ್ನೆ ಗಿಡ ಬಿಟ್ಟಿದೆ ಅಂತ ಎಲ್ಲದಕ್ಕೂ ಹಿಂಡಬೇಡಿ.

ಮೀನು ತಿನ್ನುವವರಾದರೆ ಮಾತು ಬೇರೆ. ತುಂಗಭದ್ರೆಯ ಮೀನಿಗೆ ಕೆಸರಿನ ವಾಸನೆ ಸ್ವಲ್ಪ ಇರುತ್ತದೆ. ಉಪ್ಪು, ಅರಿಶಿನ, ಲಿಂಬೆರಸ ಸವರಿ ಕಾಲು ಗಂಟೆ ಬಿಟ್ಟು ತೊಳೆದು, ಆಮೇಲೆ ಮಸಾಲೆ ಹಚ್ಚಿ ಹುರಿಯಿರಿ. ಅರ್ಧ ಗಂಟೆ ಮೇಲೆ ಬಿಡಬೇಡಿ, ಹುಳಿಗೆ ಮೀನಿನ ಮಾಂಸ ಬೆಳ್ಳಗಾಗಿ ಬಿರುಸಾಗಿ ಕಾವಲಿಯಲ್ಲಿ ಪುಡಿಯಾಗುತ್ತದೆ.


ಹಿತ್ತಲಮನಿ (ಬಳ್ಳಾರಿ):

ಕಾಕಾ, ನಮ್ಮದು ಮೀನು ತಿನ್ನುವ ಮನೆಯಲ್ಲ, ಆದರೆ ಎದುರು ಮನೆಯವರಿಗೆ ಹೇಳುತ್ತೇನೆ, ಆ ನೆಪದಲ್ಲಿ ಇನ್ನೊಂದು ಚೀಲ ಲಿಂಬೆ ಕೊಡಬಹುದು. ರೊಟ್ಟಿಬುಟ್ಟಿ ಅಕ್ಕಾ, ಒಗ್ಗರಣೆಗೆ ಮೊದಲೇ ರಸ ಹಾಕುವುದು ಇವತ್ತು ಬೆಳಿಗ್ಗೆಯೇ ಮಾಡಿದೆ, ಅತ್ತೆಯವರು ಎರಡನೇ ಸಲ ಹಾಕಿಸಿಕೊಂಡರು. ಬಾಯಿಬಿಟ್ಟು ಏನೂ ಹೇಳಲಿಲ್ಲ.

ರಸ ಹಿಂಡಿ ಫ್ರಿಜ್‌ನಲ್ಲಿ ಬಾಟಲಿಯಲ್ಲಿ ಇಟ್ಟಿದ್ದೆ, ಮಾರನೇ ದಿನಕ್ಕೇ ಕಹಿ ಬಂದಿತ್ತು. ಇದು ಯಾಕೆ? ಇನ್ನೊಂದು, ಕೆಲವು ಹಣ್ಣಿನ ಸಿಪ್ಪೆ ಮೇಲೆ ಕಂದು ಬಣ್ಣದ ಗಂಟು ಗಂಟು ಕಲೆ ಇದೆ, ಅಂಥದ್ದನ್ನು ತಿನ್ನಬಹುದಾ?


ಎಡದಂಡೆ_ಕಾಲುವೆ (ಗಂಗಾವತಿ):

ಅಕ್ಕೋರೆ, ಕಲೆ ಇರುವುದು ಕಜ್ಜಿ ರೋಗ. ನಮ್ಮ ಕಾಗ್ಜಿ ಲಿಂಬೆಗೆ ಇದು ಬಹಳ, ಮಳೆಗಾಲದಲ್ಲಿ ಹನಿ ಸಿಡಿದು ಎಲೆಯಿಂದ ಎಲೆಗೆ ಹರಡುತ್ತದೆ. ಸಿಪ್ಪೆ ಮೇಲಷ್ಟೇ ಇರುತ್ತದೆ, ಒಳಗಿನ ರಸಕ್ಕೆ ಏನೂ ಆಗಿರುವುದಿಲ್ಲ, ಧಾರಾಳವಾಗಿ ಹಿಂಡಿ. ಉಪ್ಪಿನಕಾಯಿಗೆ ಮಾತ್ರ ಸ್ವಚ್ಛ ಹಣ್ಣು ಆರಿಸಿಕೊಳ್ಳಿ, ಅಲ್ಲಿ ತಿನ್ನುವುದೇ ಸಿಪ್ಪೆ. ಕಜ್ಜಿ ಹಿಡಿದ ಟೊಂಗೆಯನ್ನು ಒಣ ಹವೆ ಇರುವಾಗ ಕತ್ತರಿಸಿ ಸುಟ್ಟುಬಿಡಿ, ಗಿಡದ ಬುಡದಲ್ಲೇ ಬಿಸಾಡಬೇಡಿ.

ಎಲೆಯನ್ನು ಅಡುಗೆಗೆ ಬಳಸುತ್ತೀರಾದರೆ ಔಷಧ ಹೊಡೆಯಬೇಡಿ. ಎಲೆ ತಿನ್ನುವ ಹುಳ ಬಂದೇ ಬರುತ್ತದೆ, ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆಯ ಹಾಗೆ ಕಪ್ಪು ಬಿಳಿ ಇರುತ್ತದೆ, ದೊಡ್ಡದಾದ ಮೇಲೆ ಹಸಿರು, ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ತೆಗೆದು ಘಾಟು ವಾಸನೆ ಬಿಡುತ್ತದೆ. ಅದು ಲಿಂಬೆ ಚಿಟ್ಟೆಯ ಮರಿ. ಕರಿಬೇವು, ಲಿಂಬೆ ಎರಡೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು, ಹಾಗಾಗಿ ನಿಮ್ಮ ಕರಿಬೇವಿನ ಮೇಲೂ ಇದೇ ಹುಳ ಇರುತ್ತದೆ, ನೋಡಿ. ಮನೆಯ ಒಂದೆರಡು ಗಿಡಕ್ಕೆ ಬೆಳಿಗ್ಗೆ ಕೈಯಲ್ಲಿ ಆರಿಸಿ ತೆಗೆದರೆ ಸಾಕು.

ಬೇಸಿಗೆಯಲ್ಲಿ ಯಾಕೆ ಹಣ್ಣಿಲ್ಲ ಅಂದಿರಿ. ಲಿಂಬೆ ಹೂವಾಗಿ ಹಣ್ಣಾಗಲು ಐದಾರು ತಿಂಗಳು ಬೇಕು. ಜನವರಿ-ಫೆಬ್ರವರಿಯಲ್ಲಿ ಬಿಟ್ಟ ಹೂವೇ ಈಗ ನಿಮ್ಮ ಬುಟ್ಟಿ ತುಂಬುತ್ತಿರುವುದು. ಬೇಸಿಗೆಗೆ ಹಣ್ಣು ಬೇಕಾದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂ ಬಿಡಬೇಕು. ಅದಕ್ಕಾಗಿ ರೈತರು ಮೊದಲು ಕೆಲವು ವಾರ ನೀರು ನಿಲ್ಲಿಸಿ ಗಿಡವನ್ನು ಬಾಡಿಸಿ, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಡುತ್ತಾರೆ. ಆದರೆ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಸೆಪ್ಟೆಂಬರ್ ಅಂದರೆ ಮಳೆ ಜಾಸ್ತಿ ಬೀಳುವ ತಿಂಗಳು. ಆಕಾಶದಿಂದ ಬೀಳುವ ನೀರನ್ನು ಯಾರು ನಿಲ್ಲಿಸುತ್ತಾರೆ? ಬೇಸಿಗೆಯಲ್ಲಿ ಹಣ್ಣು ಕಡಿಮೆ, ಶರಬತ್ತು ಕುಡಿಯುವವರು ಜಾಸ್ತಿ, ರೇಟು ಏರಲೇಬೇಕಲ್ವಾ. ಹಾಗಾಗಿ ಗಿಡದ ಜೊತೆ ಗುದ್ದಾಡುವುದಕ್ಕಿಂತ ಈಗ ಬಂದದ್ದನ್ನು ಕೂಡಿಡುವುದೇ ನಿಮಗೆ ಸುಲಭ.

ನೀರು ಕಾಂಡಕ್ಕೆ ತಾಗುವ ಹಾಗೆ ಬಿಡಬೇಡಿ, ಎರಿ ಮಣ್ಣಿನಲ್ಲಿ ನೀರು ನಿಂತರೆ ಬುಡದಲ್ಲಿ ಅಂಟು ಸೋರಿ ಗಿಡ ಸಾಯುತ್ತದೆ. ಗಿಡದ ನೆರಳು ಬೀಳುವ ಅಂಚಿಗೆ ಪಾತಿ ಮಾಡಿ ಅಲ್ಲಿ ಕೊಡಿ. ಹಣ್ಣು ಹಳದಿಗೆ ತಿರುಗಿದ ಮೇಲೆ ಕೊಯ್ಯಿರಿ, ಕಡುಹಸಿರಿಗಿಂತ ಅದರಲ್ಲಿ ರಸ ಜಾಸ್ತಿ. ನೆಲಕ್ಕೆ ಬಿದ್ದು ಪೆಟ್ಟಾದ ಹಣ್ಣನ್ನು ಅವತ್ತೇ ಖರ್ಚು ಮಾಡಿ, ಕೂಡಿಡುವುದಕ್ಕೆ ಗಿಡದಿಂದ ಕೊಯ್ದ ಹಣ್ಣು ಮಾತ್ರ.


ಸಂತೆಚೀಲ (ಕುಷ್ಟಗಿ):

ಕೂಡಿಡುವ ವಿಷಯ ನಾನು ಹೇಳುತ್ತೇನೆ.

ರಸ ಕಹಿಯಾಗುವುದು ಎರಡು ಕಾರಣಕ್ಕೆ. ಒಂದು, ಅಲ್ಯೂಮಿನಿಯಂ ಹಿಂಡುಗೋಲಿನಲ್ಲಿ ಬಲವಾಗಿ ಒತ್ತಿದರೆ ಸಿಪ್ಪೆಯ ಎಣ್ಣೆ, ಬೀಜದ ಕಹಿ ಎಲ್ಲ ಇಳಿದುಬರುತ್ತದೆ. ಎರಡು, ಹಿಂಡಿದ ರಸ ಹಾಗೇ ನಿಂತರೆ ಅದರೊಳಗಿನ ಅಂಶವೇ ನಿಧಾನಕ್ಕೆ ಕಹಿಗೆ ತಿರುಗುತ್ತದೆ. ಅದಕ್ಕೆ ಮೆತ್ತಗೆ ಕೈಯಲ್ಲಿ ಹಿಂಡಿ, ತಕ್ಷಣ ಸೋಸಿ, ತಕ್ಷಣ ಐಸ್ ಟ್ರೇಗೆ ಹಾಕಿ ಗಡ್ಡೆ ಕಟ್ಟಿಸಿ. ಗಡ್ಡೆಗಳನ್ನು ಮುಚ್ಚಳದ ಡಬ್ಬಿಗೆ ತುಂಬಿ ಫ್ರೀಜರ್‌ನಲ್ಲೇ ಇಡಿ. ಒಂದು ಗಡ್ಡೆ ಹೆಚ್ಚುಕಡಿಮೆ ಒಂದು ಹಣ್ಣಿನ ರಸ. ಚಿತ್ರಾನ್ನಕ್ಕೆ, ಶರಬತ್ತಿಗೆ ಹಾಗೇ ಹಾಕಬಹುದು. ಹಸಿ ಹಣ್ಣಿನ ಘಮ ಪೂರ್ತಿ ಸಿಗುವುದಿಲ್ಲ, ಆದರೆ ಹತ್ತು ರೂಪಾಯಿ ಹಣ್ಣಿಗಿಂತ ವಾಸಿ. ಕರೆಂಟು ಗಂಟೆಗಟ್ಟಲೆ ಹೋಗುವ ಊರಾದರೆ ಇದನ್ನು ನಂಬಬೇಡಿ, ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ರಸ ಚೆನ್ನಾಗಿರುವುದಿಲ್ಲ.

ಫ್ರೀಜರ್‌ನ ಗೊಡವೆಯೇ ಬೇಡ ಅಂದರೆ ಸಕ್ಕರೆ ಅಥವಾ ಉಪ್ಪು. ಒಂದು ಪಾಲು ಸೋಸಿದ ರಸಕ್ಕೆ ಎರಡು ಪಾಲು ಸಕ್ಕರೆ, ಒಲೆ ಮೇಲೆ ಇಡದೆ ಗಾಜಿನ ಬಾಟಲಿಯಲ್ಲಿ ಆಗಾಗ ಕುಲುಕಿ ಪೂರ್ತಿ ಕರಗಿಸಿ. ಫ್ರಿಜ್‌ನ ಕೆಳಗಿನ ಅರೆಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಒಂದೆರಡು ಚಮಚ ಇದು, ತಣ್ಣೀರು, ಚಿಟಿಕೆ ಉಪ್ಪು, ನೆನೆಸಿದ ಕಾಮಕಸ್ತೂರಿ ಬೀಜ.

ಉಪ್ಪಿನಕಾಯಿಗೆ ಒಂದು ಕಿಲೋ ಹಣ್ಣಿಗೆ ಕಾಲು ಕಿಲೋ ಉಪ್ಪು. ಇದನ್ನು ಕಡಿಮೆ ಮಾಡಿದರೆ ಬೂಸರು ಬರುತ್ತದೆ. ಹಣ್ಣನ್ನು ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಆರಿಸಿ, ಒಂದು ಹನಿ ನೀರೂ ಇರಬಾರದು. ನಾಲ್ಕು ಹೋಳು ಮಾಡಿ ಉಪ್ಪು, ಅರಿಶಿನ ಕಲಸಿ ಭರಣಿಗೆ ತುಂಬಿ ಮೇಲೆ ಇನ್ನಷ್ಟು ರಸ ಹಿಂಡಿ. ದಿನಾ ಒಣ ಸೌಟಿನಿಂದ ತಿರುವಿ. ಎರಡು ಮೂರು ವಾರದಲ್ಲಿ ಸಿಪ್ಪೆ ಮೆತ್ತಗಾಗುತ್ತದೆ, ಅಲ್ಲಿಯವರೆಗೆ ಖಾರ ಹಾಕುವ ಆತುರ ಬೇಡ. ಆಮೇಲೆ ಬ್ಯಾಡಗಿ ಪುಡಿ ಬಣ್ಣಕ್ಕೆ, ಗುಂಟೂರು ಪುಡಿ ಖಾರಕ್ಕೆ, ಎರಡೂ ನಮ್ಮ ಹೊಲಗಳಲ್ಲೇ ಬೆಳೆಯುತ್ತವಲ್ಲ. ಹುರಿದ ಮೆಂತ್ಯೆ, ಸಾಸಿವೆ ಪುಡಿ. ಇಂಗಿನ ಒಗ್ಗರಣೆ ಆರಿದ ಮೇಲೆ ಹಾಕಿ.

ನಮ್ಮ ಮನೆಯಲ್ಲಿ ಖಾರ ಹಾಕುವ ಮೊದಲು ಕಾಲು ಭಾಗ ಬರೀ ಉಪ್ಪಿನ ಹೋಳನ್ನು ಬೇರೆ ತೆಗೆದಿಡುತ್ತೇವೆ. ಜ್ವರ ಬಂದು ಬಾಯಿ ಕೆಟ್ಟಾಗ ಗಂಜಿಗೆ, ಜೋಳದ ನುಚ್ಚಿಗೆ ಅದು ಬೇಕು. ಅದನ್ನೇ ಸಣ್ಣಗೆ ಹೆಚ್ಚಿ ಮೊಸರನ್ನಕ್ಕೂ ಕಲಸಬಹುದು, ಆಗ ಅನ್ನಕ್ಕೆ ಬೇರೆ ಉಪ್ಪು ಹಾಕಬೇಡಿ.


ಮದ್ದಿನಡಬ್ಬಿ (ಕೊಪ್ಪಳ):

ಮೇಲಿನ ಉಪ್ಪಿನ ಲೆಕ್ಕ ನೋಡಿ ಒಂದು ಮಾತು. ಬಿಪಿ ಇರುವವರು ಉಪ್ಪಿನಕಾಯಿ ನೆಚ್ಚಿಕೊಳ್ಳಬೇಡಿ, ಅದರ ಬದಲು ಹಸಿ ಲಿಂಬೆಯನ್ನೇ ಬಳಸಿ. ಹುಳಿ ಇದ್ದರೆ ನಾಲಿಗೆ ಉಪ್ಪು ಅಷ್ಟು ಕೇಳುವುದಿಲ್ಲ. ಪಲ್ಯೆಗೆ ಉಪ್ಪು ಸ್ವಲ್ಪ ಕಡಿಮೆ ಹಾಕಿ ಮೇಲೆ ಲಿಂಬೆ ಹಿಂಡಿ ನೋಡಿ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಬರೀ ಹೊಟ್ಟೆಗೆ ಬಿಸಿನೀರು ಲಿಂಬೆ ಕುಡಿದರೆ ಬೊಜ್ಜು ಕರಗುತ್ತದೆ ಅಂತ ಯಾರಾದರೂ ಇಲ್ಲಿ ಬರೆಯುವ ಮೊದಲೇ ಹೇಳುತ್ತೇನೆ, ಲಿಂಬೆಯಿಂದ ಬೊಜ್ಜು ಕರಗುವುದಿಲ್ಲ. ದಿನಾ ಹಾಗೆ ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ, ಅದು ಮಾತ್ರ ಖಾತ್ರಿ.


ನೆರಳುಪರದೆ (ಮಾನ್ವಿ):

ಸೊಪ್ಪಿನ ಬಗ್ಗೆ ಯಾರೂ ಹೇಳಲಿಲ್ಲ ಅಂತ ನಾನು ಬರೆಯುತ್ತಿದ್ದೇನೆ. ಅಕ್ಕಾ, ಅಡುಗೆಗೆ ಬಳಸುವಾಗ ಇವುಗಳಲ್ಲಿ ಎಣ್ಣೆಗೆ ಹೋಗುವವು ಯಾವುವು, ಕೊನೆಗೆ ಬೀಳುವವು ಯಾವುವು ಅಂತ ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಕರಿಬೇವು, ದೊಡ್ಡಪತ್ರೆ ಎಣ್ಣೆಗೆ. ಕೊತ್ತಂಬರಿ, ಪುದೀನಾ ಕೊನೆಗೆ.

ದೊಡ್ಡಪತ್ರೆ ಮುರಿದು ಮೂಸಿ ನೋಡಿ, ಅಜವಾನದ ವಾಸನೆ ಬರುತ್ತದೆ. ಮಿರ್ಚಿ ಮಾಡುವಾಗ ಕಡಲೆಹಿಟ್ಟಿಗೆ ಅಜವಾನ ಹಾಕುತ್ತೀರಲ್ಲ, ಅದರ ಬದಲು ನಾಲ್ಕೈದು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಎಲೆಯಲ್ಲಿ ನೀರಿನಂಶ ಜಾಸ್ತಿ, ಹಿಟ್ಟು ಸ್ವಲ್ಪ ಗಟ್ಟಿಯಾಗಿಯೇ ಕಲಸಿ. ಎಲೆಯನ್ನೇ ಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯಬಹುದು, ಮಳೆ ಬರುವ ಸಂಜೆಗೆ ಅದು ಮೆಣಸಿನಕಾಯಿ ಮಿರ್ಚಿಗಿಂತ ನನಗೆ ಇಷ್ಟ, ಬಳ್ಳಾರಿಯವರು ಬೈಯಬೇಡಿ. ಚಟ್ನಿಗಾದರೆ ಎಲೆಯನ್ನು ಎಣ್ಣೆಯಲ್ಲಿ ಪೂರ್ತಿ ಬಾಡಿಸಿ, ಹಸಿಯಾಗಿ ರುಬ್ಬಿದರೆ ಘಾಟು ತಡೆಯಲಾಗುವುದಿಲ್ಲ. ಹುರಿದ ಶೇಂಗಾ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಸೇರಿಸಿ ರುಬ್ಬಿ ಕೊನೆಗೆ ಲಿಂಬೆ.

ಪುದೀನಾ ಚಟ್ನಿಗೂ ಹುಣಸೆ ಬದಲು ಲಿಂಬೆ ಹಾಕಿ. ಹುಣಸೆ ಬಿದ್ದರೆ ಚಟ್ನಿ ಕಂದಾಗುತ್ತದೆ, ಲಿಂಬೆ ಹಾಕಿದರೆ ಊಟದ ಹೊತ್ತಿನವರೆಗೂ ಹಸಿರಾಗಿರುತ್ತದೆ. ಪುದೀನಾವನ್ನು ಕುಂಡದಲ್ಲೇ ಇಟ್ಟುಕೊಳ್ಳಿ, ನೆಲಕ್ಕೆ ಬಿಟ್ಟರೆ ಹಿತ್ತಲೆಲ್ಲ ಅದೇ. ಮಧ್ಯಾಹ್ನದ ಬಿಸಿಲು ತಪ್ಪಬೇಕು. ತುದಿ ಚಿವುಟುತ್ತಾ ಇರಿ, ಬಳಸಿದಷ್ಟೂ ಒತ್ತಾಗುತ್ತದೆ.

ಮಜ್ಜಿಗೆ ಹುಲ್ಲನ್ನು ಹೆಚ್ಚಿ ಹಾಕಬೇಡಿ, ಎಷ್ಟು ಬೇಯಿಸಿದರೂ ನಾರು ನಾರೇ. ಎರಡು ಗರಿ ಮಡಚಿ ಗಂಟು ಹಾಕಿ ಕುದಿಯುವ ಚಹಾಕ್ಕೆ, ಅಥವಾ ಪಲಾವಿನ ಅಕ್ಕಿಗೆ ಹಾಕಿ, ಬಡಿಸುವ ಮೊದಲು ತೆಗೆದುಬಿಡಿ. ಚಹಾಕ್ಕೆ ಹಾಕುವುದಾದರೆ ಹಾಲು ಕಡಿಮೆ ಇರಲಿ.

ಲಿಂಬೆ ಎಲೆ ಕೇಳಿದ್ದಿರಿ. ಎಳೆ ಎಲೆ ನಾಲ್ಕು, ನಡುವಿನ ನರ ಕಿತ್ತು ಕೈಯಲ್ಲಿ ಚೆನ್ನಾಗಿ ಹಿಸುಕಿ ನೀರುಮಜ್ಜಿಗೆಗೆ ಹಾಕಿ ಹತ್ತು ನಿಮಿಷ ಬಿಟ್ಟು ಸೋಸಿ. ಉಪ್ಪು, ಶುಂಠಿ, ಚಿಟಿಕೆ ಇಂಗು. ರಸ ಹಿಂಡದೆಯೇ ಲಿಂಬೆ ಘಮ ಬರುತ್ತದೆ, ಬೇಸಿಗೆಯಲ್ಲಿ ಹಣ್ಣಿಲ್ಲದಾಗ ಇದೇ ಉಪಾಯ. ರಾತ್ರಿಯಿಡೀ ಎಲೆ ಬಿಟ್ಟರೆ ಕಹಿ. ತೋರಣಗಲ್ಲಿನಲ್ಲಿ ನಾವಿದ್ದಾಗ ಪಕ್ಕದ ತಮಿಳರ ಮನೆಯಲ್ಲಿ ಎಳೆ ಲಿಂಬೆ ಎಲೆ, ಒಣಮೆಣಸಿನಕಾಯಿ, ಅಜವಾನ, ಉಪ್ಪು, ಚೂರು ಹುಣಸೆ ಸೇರಿಸಿ ಕುಟ್ಟಿ ಉಂಡೆ ಕಟ್ಟಿ ಇಡುತ್ತಿದ್ದರು, ಮೊಸರನ್ನಕ್ಕೆ ನೆಂಚಿಕೊಳ್ಳಲು. ಜೋಳದ ರೊಟ್ಟಿ ಮೊಸರಿಗೂ ಬಹಳ ಚೆನ್ನಾಗಿ ಹೊಂದುತ್ತದೆ.

ಕೊತ್ತಂಬರಿ ಬೇಗ ಹೂ ಬಿಡುವುದು ಬಿಸಿಲಿಗೆ, ನಿಮ್ಮ ಕೈಗಲ್ಲ. ನಮ್ಮ ಕಡೆ ಅದು ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಬೆಳೆ. ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅಗಲವಾದ ಕುಂಡದಲ್ಲಿ ನೇರ ಬಿತ್ತಿ, ಕಿತ್ತು ನೆಡಬೇಡಿ. ಬೇಸಿಗೆಯಲ್ಲಿ ಬೇಕೇ ಬೇಕು ಅಂದರೆ ಹಸಿರು ನೆರಳು ಪರದೆ ಕೆಳಗೆ ಒತ್ತಾಗಿ ಬಿತ್ತಿ, ನಾಲ್ಕು ಬೆರಳು ಬಂದಾಗಲೇ ಕತ್ತರಿಸಿ ತಿಂದುಬಿಡಿ. ಹೂ ಬಿಟ್ಟದ್ದನ್ನು ಕೀಳಬೇಡಿ, ಹಸಿರು ಕಾಯಿ ಕಟ್ಟುತ್ತದಲ್ಲ, ಅದನ್ನು ಹಸಿಮೆಣಸಿನಕಾಯಿ ಖಾರದ ಜೊತೆ ಕುಟ್ಟಿದರೆ ಸೊಪ್ಪಿಗಿಂತ ಜೋರು ಘಮ.

ಕರಿಬೇವಿಗೆ ಒಂದೇ ಮಾತು, ಬಿಡಿ ಎಲೆ ಕೀಳಬೇಡಿ, ತುದಿಯಿಂದ ಕಡ್ಡಿ ಮುರಿಯಿರಿ, ಅಲ್ಲಿ ಎರಡು ಚಿಗುರು ಬರುತ್ತದೆ. ಜಾಸ್ತಿ ಆದರೆ ನೆರಳಲ್ಲಿ ಒಣಗಿಸಿ ಹಿಂಡಿ ಮಾಡಿ. ಬಿಸಿಲಲ್ಲಿ ಒಣಗಿಸಿದರೆ ಬಣ್ಣವೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ.


ಹಿತ್ತಲಮನಿ (ಬಳ್ಳಾರಿ):

ಎಲ್ಲರಿಗೂ ಧನ್ಯವಾದ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಲಿಂಬೆ ಎಲೆ ಮಜ್ಜಿಗೆ ಮಾಡಿದೆ, ಮಕ್ಕಳು ಚೊಂಬಿನಿಂದಲೇ ಕುಡಿದರು. ಈ ಭಾನುವಾರ ಉಪ್ಪಿನಕಾಯಿಗೆ ಹೋಳು ಮಾಡುತ್ತೇವೆ, ನಾನು, ಅತ್ತೆಯವರು, ನಾದಿನಿ ಮೂವರೂ ಮಾಳಿಗೆ ಮೇಲೆ ಕೂತು. ಆದರೆ ಮೋಡ ಬಿಡುತ್ತಲೇ ಇಲ್ಲ. ಸಂತೆಚೀಲ ಅಣ್ಣಾ, ಬಿಸಿಲಿಲ್ಲದಿದ್ದರೆ ಭರಣಿ ಕೆಡುತ್ತದಾ?


ಸಂತೆಚೀಲ (ಕುಷ್ಟಗಿ):

ಕೆಡುವುದಿಲ್ಲ ಅಕ್ಕಾ. ಕಾಯುವುದು ಉಪ್ಪು ಮತ್ತು ಹುಳಿ, ಬಿಸಿಲು ಸಿಪ್ಪೆಯನ್ನು ಬೇಗ ಮೆತ್ತಗೆ ಮಾಡುತ್ತದೆ ಅಷ್ಟೇ. ಅಡುಗೆಮನೆಯಲ್ಲಿ ಒಣಗಿದ, ಬೆಚ್ಚಗಿನ ಜಾಗದಲ್ಲಿ ಬಾಯಿಗೆ ಬಟ್ಟೆ ಕಟ್ಟಿ ಇಡಿ, ಇನ್ನೊಂದು ವಾರ ಜಾಸ್ತಿ ಹಿಡಿಯಬಹುದು. ಹೋಳುಗಳು ರಸದಲ್ಲಿ ಮುಳುಗಿರಬೇಕು, ಮೇಲೆ ತೇಲುವ ಹೋಳಿಗೇ ಮೊದಲು ಬೂಸರು ಹಿಡಿಯುವುದು.


ರೊಟ್ಟಿಬುಟ್ಟಿ (ರಾಯಚೂರು):

ಮಾಳಿಗೆ ಮೇಲೆ ಕೂತು ಹೆಚ್ಚಬೇಡಿ ಅಕ್ಕಾ, ಒಳಗೆ ಕೂತು ಹೆಚ್ಚಿ. ಲಿಂಬೆ ರಸ, ಸಿಪ್ಪೆಯ ಎಣ್ಣೆ ಮೈಗೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಅವತ್ತೇ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಕೆಂಪಾಗಿ ಗುಳ್ಳೆ ಏಳುತ್ತದೆ, ಆಮೇಲೆ ಕಪ್ಪು ಕಲೆ. ಮೋಡ ಇದೆ ಅಂತ ಸುಮ್ನೆ ಕೂರಬೇಡಿ, ಮೋಡದಲ್ಲೂ ಆಗುತ್ತದೆ. ಕೆಲಸ ಮುಗಿದ ಮೇಲೆ ಮೂವರೂ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು ಆಮೇಲೆ ಹೊರಗೆ ಬನ್ನಿ. ಭರಣಿ ಮಾತ್ರ ಮಾಳಿಗೆಗೆ ಹೋಗಲಿ. ಹಿಂಡಿದ ಸಿಪ್ಪೆ ಬಿಸಾಡಬೇಡಿ, ಉಪ್ಪು ಹಚ್ಚಿ ದೇವರ ಹಿತ್ತಾಳೆ ಸಾಮಾನು ಉಜ್ಜಿ.